ಕಾಕಾನ ಕಂಪ್ಯೂಟರ್ ಏಳದ ಮುಂಜಾನೆ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನ ಅರ್ಧ ತಾಸು ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದೆ.

ಇಂಡಿ ಪಟ್ಟಣದ ಬಸ್‌ಸ್ಟ್ಯಾಂಡಿನ ಎದುರು ನಮ್ಮ ಕಾಕಾನ ಆನ್‌ಲೈನ್ ಸೆಂಟರ್. ಅರ್ಜಿ ತುಂಬುವುದು, ಪ್ರಿಂಟ್ ತೆಗೆಯುವುದು ನನ್ನ ಕೆಲಸ. ಬಂದವರ ದನಿ ಕದಿಯುವುದು ನನ್ನ ಚಟ. ನಿಂಬೆಹಣ್ಣಿನ ಹರಾಜು ಕೂಗುವವರಂತೆ ಕೂಗುತ್ತೇನೆ, ಸಿಂದಗಿ ಬಸ್ಸಿನ ಕಂಡಕ್ಟರನಂತೆ ಮೂಗಿನಲ್ಲಿ ಮಾತಾಡುತ್ತೇನೆ, ಎಲ್ಲಕ್ಕಿಂತ ಹೆಚ್ಚಾಗಿ ಕಾಕಾನಂತೆ ಬೈಯುತ್ತೇನೆ. ನಿನ್ನ ದನಿ ಯಾವುದೋ ಎಂದು ಕೇಳಿದರೆ ಮಾತ್ರ ತಡವರಿಸುತ್ತೇನೆ. ಇದನ್ನೆಲ್ಲ ರೆಕಾರ್ಡ್ ಮಾಡಲು, ದನಿ ದಪ್ಪ ಮಾಡಲು, ತೆಳ್ಳಗೆ ಮಾಡಲು ಅಂಗಡಿಯ ಕಂಪ್ಯೂಟರಿಗೆ ಎಂಟು ಪ್ರೋಗ್ರಾಮ್ ತುಂಬಿದ್ದೆ. ಕಾಕಾ ನೋಡಿ ಬೈದರೆ ನಾನು ತೆರೆದಿಲ್ಲ, ತಾನೇ ತೆರೆದುಕೊಂಡಿದೆ ಎನ್ನಬಹುದಲ್ಲ! ಅದಕ್ಕೇ ಕಂಪ್ಯೂಟರ್ ಚಾಲೂ ಆದ ಕೂಡಲೇ ಎಂಟೂ ತಾವಾಗಿ ತೆರೆಯುವಂತೆ ಇಟ್ಟಿದ್ದೆ. ಜಾಣತನ ಎಂದರೆ ಇದು. ಅಂದಿನಿಂದ ಅದು ಏಳಲು ಹತ್ತು ಹನ್ನೆರಡು ನಿಮಿಷ ಬೇಕಾಯಿತು.

ಆ ದಿನ ಒಂಬತ್ತಕ್ಕೆ ಬಾಗಿಲು ತೆರೆಯುವಾಗಲೇ ಅಗರಖೇಡದ ಅಕ್ಕ ಒಬ್ಬರು ಮೆಟ್ಟಿಲ ಮೇಲೆ ನಿಂತಿದ್ದರು. ಮಧ್ಯಾಹ್ನ ಬಸವನ ಬಾಗೇವಾಡಿಯಲ್ಲಿ ಶಿಕ್ಷಕಿ ಕೆಲಸದ ಪರೀಕ್ಷೆ. ಊರಿನಲ್ಲಿ ತೆಗೆಸಿದ ಹಾಲ್ ಟಿಕೆಟ್‌ನಲ್ಲಿ ಫೋಟೋ ಕಪ್ಪಾಗಿ ಬಿದ್ದಿತ್ತು. ಒಳಗೆ ಬಿಡಲಿಕ್ಕಿಲ್ಲ ಎಂಬ ಭಯ. ಬಸ್ಸು ಒಂಬತ್ತು ನಲವತ್ತಕ್ಕೆ. ಬೇರೆ ಅಂಗಡಿಗೆ ಹೋಗುತ್ತೇನೆ ಎಂದರೆ ಕಾಕಾ ಬಿಡಲಿಲ್ಲ. ಬೋಣಿಗೆ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ದಿನವೆಲ್ಲ ನೊಣ ಹೊಡೆಯಬೇಕು ಎಂಬುದು ಅವನ ನಂಬಿಕೆ.

ಕಾಕಾನಿಗೆ ಚೆನ್ನಾಗಿ ಗೊತ್ತಿರುವ ಯಂತ್ರವೆಂದರೆ ನಿಂಬೆ ತೋಟದ ಬಾವಿಯ ಮೋಟರ್ ಒಂದೇ. ಅದು ನೀರೆತ್ತದಿದ್ದರೆ ಬಂದ್ ಮಾಡಿ, ಇಪ್ಪತ್ತು ಎಣಿಸಿ, ಮತ್ತೆ ಚಾಲೂ ಮಾಡುತ್ತಾನೆ. ಕಂಪ್ಯೂಟರಿಗೂ ಅದೇ ಔಷಧ. ಪರದೆಯ ಚುಕ್ಕಿಗಳು ಗಾಣದೆತ್ತಿನಂತೆ ಸುತ್ತಿ ಸುತ್ತಿ ಇನ್ನೇನು ನಿಂತಾವು ಎನ್ನುವಾಗ ಸರಿಯಾಗಿ ಗೋಡೆಯ ಸ್ವಿಚ್ ಟಕ್ ಎಂದಿತು. ಇಪ್ಪತ್ತು ಎಣಿಸಿದ. ಮತ್ತೆ ಮೊದಲಿನಿಂದ.

ಅಕ್ಕ ಕೂತಲ್ಲಿ ಕೂಡಲಿಲ್ಲ. ಬಾಗಿಲಿಗೆ ಹೋಗಿ ಬಸ್ಸು ನೋಡುವರು, ಬಂದು ಪರದೆ ನೋಡುವರು. ನಾನು ಹಿಂದಿನ ವೈರು ಅದುಮಿದೆ, ಧೂಳು ಊದಿದೆ, ತಪ್ಪನ್ನು ಕರೆಂಟಿನ ಮೇಲೆ ಹಾಕಿದೆ. ಮಶೀನಿಗೆ ವಯಸ್ಸಾಗಿದೆ, ಹೊಸದು ತರಬೇಕು ಎಂದು ರಿಪೇರಿಯವನ ದನಿ ತೆಗೆದು ಹೇಳಿದೆ. ಯಾರೂ ನಗಲಿಲ್ಲ.

“ತಮ್ಮಾ, ಎರಡ ವರ್ಷ ಓದೇನಿ,” ಅಂದರು ಅಕ್ಕ. “ನಗಸೋದು ಬ್ಯಾಡ. ಆಗ್ತೈತೋ ಇಲ್ಲೋ, ಅಷ್ಟ ಹೇಳು.”

ಕಾಕಾನ ಕೈ ಮತ್ತೆ ಸ್ವಿಚ್ಚಿನತ್ತ ಹೊರಟಿತ್ತು. ನಾನು ಗೋಡೆಗೆ ಬೆನ್ನು ಕೊಟ್ಟು ಅಡ್ಡ ನಿಂತೆ.

ಕಡೆಗೂ ಪರದೆ ಬೆಳಗಿತು. ಎಂಟೂ ಒಂದರ ಮೇಲೊಂದು ತೆರೆದುಕೊಂಡವು, ಸ್ಪೀಕರಿನಲ್ಲಿ ಕಾಕಾನ ದನಿ ಬಂತು: “ಏ, ಚಪ್ಪಲಿ ಹೊರಗ ಬಿಟ್ಟ ಬರ್ರಿ, ಇದೇನ ದನದ ಕೊಟ್ಟಗಿ ಅಲ್ಲ.”

ಪಕ್ಕದಲ್ಲಿದ್ದ ಕಾಕಾನ ಬಾಯಿ ಮುಚ್ಚಿಯೇ ಇತ್ತು.

ಅಕ್ಕ ಬಾಗಿಲಲ್ಲಿ ಬಸ್ಸು ನೋಡುತ್ತಿದ್ದರು. ಇವೆಲ್ಲ ನನ್ನವು ಎಂದು ಕಾಕಾನಿಗಷ್ಟೇ ಕೇಳುವಂತೆ ಗೊಣಗಿ, ಒಂದೊಂದಾಗಿ ಮುಚ್ಚತೊಡಗಿದೆ. ಕಾಕಾ ಬೆರಳು ಮಡಚಿ ಎಣಿಸಿದ. ಎಂಟನೆಯದು ಹೋದದ್ದೇ ತಡ, ಕಂಪ್ಯೂಟರ್ ಹೊರೆ ಇಳಿಸಿದ ಎತ್ತಿನಂತೆ ನಡೆಯಿತು. ಒಂಬತ್ತು ಮೂವತ್ತಾರಕ್ಕೆ ಹಾಲ್ ಟಿಕೆಟ್ ಹೊರಬಂತು. ಫೋಟೋದಲ್ಲಿ ಅಕ್ಕ ಅಕ್ಕನಂತೆಯೇ ಕಂಡರು.

ಮೆಟ್ಟಿಲಿಳಿಯುತ್ತ ತಿರುಗಿ ಕಾಕಾನನ್ನು ಕೇಳಿದರು, “ಇದಕ್ಕ ಏನ ಜಡ್ಡ ಇತ್ರೀ ಅಣ್ಣಾರ?”

ವಯಸ್ಸಿನ ಕಾಯಿಲೆ ಎನ್ನಲು ನಾನು ರಿಪೇರಿಯವನ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕಾಕಾ ಅಂದ:

“ಇಂಥಾವ ಒಬ್ಬನ್ನ ಕಟ್ಕೊಂಡು ನನಗ ಮುಂಜಾನೆ ಹಾಸಿಗಿ ಬಿಡಾಕ ಆಗವಲ್ದು. ಅದು ಎಂಟ ಮಂದೀನ ಹೊತ್ಕೊಂಡು ಹೆಂಗ ಏಳಬೇಕ್ರೀ, ಪಾಪ?”