ಒಂದೇ ಹಾಳೆಯ ಎರಡು ಅರ್ಜಿ

ಬಿಜಾಪುರ ಜಿಲ್ಲೆಯ ಇಂಡಿಗೆ ಬಂದ ಮೊದಲನೇ ಸಂಜೆ ನನಗೆ ಊಟ ಬಡಿಸಿದ ಮನುಷ್ಯ ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಯಾವ ಜನ ಅಂತಲೂ ಕೇಳಲಿಲ್ಲ. ತಟ್ಟೆಗೆ ಎರಡು ಜೋಳದ ರೊಟ್ಟಿ ಹಾಕಿ, ಕೈಯಲ್ಲಿದ್ದ ಪೇಪರನ್ನು ನನ್ನ ಮುಂದೆ ಹಿಡಿದು, "ಗೊಬ್ಬರದ ಸಬ್ಸಿಡಿ ತಗದ್ರ ಚಲೋನೋ ಕೆಟ್ಟೋ, ಹೇಳ್ರಿ ಅಕ್ಕಾರ" ಅಂದರು. ಮೈಸೂರಿನಿಂದ ರೈಲು ಬದಲಿಸಿ, ಬಸ್ಸು ಬದಲಿಸಿ, ಕಡೆಗೆ ಲಿಂಬೆಹಣ್ಣಿನ ಚೀಲಗಳ ನಡುವೆ ಟೆಂಪೋದಲ್ಲಿ ಕುಕ್ಕರಿಸಿ ಬಂದವಳು ನಾನು. ತಲೆ ಗಿರ್ರನ್ನುತ್ತಿತ್ತು. ತೆಗೆದರೆ ಒಳ್ಳೆಯದೇ ಅಂದುಬಿಟ್ಟೆ. ಅವರು ಒಳಗೆ ಒಲೆಯ ಮುಂದಿದ್ದ ಹೆಂಡತಿಗೆ ಕೂಗಿ ಹೇಳಿದರು: "ನೀಲವ್ವಾ, ಇವ್ರು ನಮ್ಮವ್ರು. ತುಪ್ಪ ತಾ."

ಮೈಸೂರಿನಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ ಆ ತುಪ್ಪದ ಬೆಲೆ ಗೊತ್ತಾಗಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಕೆಲಸ ಅಂದರೆ ಸರ್ಕಾರಿ ಕೆಲಸ, ಮಿಕ್ಕಿದ್ದೆಲ್ಲ ಹೊಟ್ಟೆಪಾಡು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅಂಥವರ ಮಗಳಾದ ನಾನು ಅರ್ಥಶಾಸ್ತ್ರ ಓದಿ ಕೆಟ್ಟೆ. ಸರ್ಕಾರ ಕಳ್ಳರನ್ನು ಹಿಡಿಯಲಿ, ರಸ್ತೆ ಹಾಕಲಿ, ನ್ಯಾಯ ಕೊಡಲಿ. ಯಾರು ಏನು ಬೆಳೆಯಬೇಕು, ಯಾರಿಗೆ ಮಾರಬೇಕು ಅನ್ನುವುದಕ್ಕೆಲ್ಲ ಕೈ ಹಾಕದಿರಲಿ ಅಂತ ಊರೆಲ್ಲ ವಾದ ಮಾಡಿಕೊಂಡು ತಿರುಗಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಲಿಬರ್ಟೇರಿಯನ್ ಅಂತ ದೊಡ್ಡ ಹೆಸರಿದೆ. ನಮ್ಮ ಬಂಧುಬಳಗದಲ್ಲಿ ಇದ್ದ ಹೆಸರು "ಸಾಹುಕಾರರ ವಕೀಲಳು". ದೇಶ ಬಾಗಿಲು ತೆರೆದ ಆ ವರ್ಷಗಳಲ್ಲಿ ಪ್ರತಿ ಮದುವೆಮನೆಯಲ್ಲೂ ಒಬ್ಬರಾದರೂ ನನ್ನೊಂದಿಗೆ ಜಗಳ ಕಾಯುತ್ತಿದ್ದರು. ಇಂಡಿಯ ಖಾಸಗಿ ಕಾಲೇಜಿನಲ್ಲಿ ಕೆಲಸ ಸಿಕ್ಕಾಗ, ಅದೂ ಖಾಯಂ ಅಲ್ಲದ್ದು, ಅಪ್ಪ ಒಂದೇ ಮಾತು ಹೇಳಿದ್ದರು. "ಎಲ್ಲಿಗಾದರೂ ಹೋಗಮ್ಮ, ಖಾಯಂ ಮಾಡಿಸಿಕೋ." ಆಯ್ತಪ್ಪ ಅಂದಿದ್ದೆ.

ಮೊದಲ ಸಂಜೆ ಊಟ ಬಡಿಸಿದ ಆ ಮನುಷ್ಯ ಚನ್ನಪ್ಪನವರು. ಖಾನಾವಳಿಯ ಮಾಲೀಕರು. ಖಾನಾವಳಿ ಅಂದರೆ ನಮ್ಮ ಕಡೆಯ ಮೆಸ್ಸು, ಆದರೆ ಅನ್ನಕ್ಕೆ ಇಲ್ಲಿ ಕೊನೆಯ ಸ್ಥಾನ. ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಎಲ್ಲ ಮುಗಿದ ಮೇಲೆ ಹಿಡಿಯಷ್ಟು ಅನ್ನ. ಮೊದಲ ತಿಂಗಳು ಆ ಹಿಡಿ ಅನ್ನಕ್ಕಾಗಿ ಕಾಯುತ್ತಾ ರೊಟ್ಟಿ ನುಂಗುತ್ತಿದ್ದೆ. ಗಂಡಸರೇ ತುಂಬಿದ ಜಾಗದಲ್ಲಿ ಒಂಟಿ ಹೆಂಗಸು ಉಣ್ಣುವುದು ಚೆಂದವಲ್ಲ ಅಂತ ನೀಲವ್ವ ಅಡುಗೆಮನೆಯ ಬಾಗಿಲಲ್ಲಿ ನನಗೊಂದು ಮಣೆ ಹಾಕಿದರು. ಬಾಡಿಗೆ ಕೋಣೆಯ ತಗಡಿನ ಮಾಡು ಬೇಸಿಗೆಯಲ್ಲಿ ಹಂಚಿನಂತೆ ಕಾಯುತ್ತಿತ್ತು. ಜನ ಮಾತಾಡಿದರೆ ಜಗಳವಾಡುತ್ತಿದ್ದಾರೆ ಅನ್ನಿಸಿ ಎದ್ದು ನಿಲ್ಲುತ್ತಿದ್ದೆ. ಆಮೇಲೆ ನೋಡಿದರೆ ಅವರು ಚಹಾ ಕುಡಿಯಲು ಕರೆಯುತ್ತಿರುತ್ತಿದ್ದರು. ಅಕ್ಕಾರು ಅಂದರೆ ಪಾಠ ಹೇಳುವ ಹೆಂಗಸು, ಅಡ್ಡಿಯಿಲ್ರಿ ಅಂದರೆ ಆಗಬಹುದು. ಇಷ್ಟು ಕಲಿಯುವಷ್ಟರಲ್ಲಿ ಒಂದು ವರ್ಷ ಕಳೆಯಿತು.

ಸರ್ಕಾರ ದೂರ ಇರಲಿ ಅನ್ನುವವರ ನಮ್ಮ ಸಂಘದಲ್ಲಿ ಇದ್ದದ್ದು ಮೂರೇ ಜನ. ನಾನು, ಚನ್ನಪ್ಪನವರು, ಮತ್ತೆ ಲಿಂಬೆಹಣ್ಣಿನ ವ್ಯಾಪಾರಿ ಮಹಿಬೂಬ ಸಾಹೇಬರು. ಸಾಹೇಬರ ಅಜ್ಜನ ಕಾಲದಿಂದಲೂ ಮನೆತನದ್ದು ಅದೇ ದಂಧೆ. ಸಂಜೆ ಗಿರಾಕಿ ಬರುವ ಮೊದಲು ಮೂವರೂ ಪೇಪರು ಹಂಚಿಕೊಂಡು ಕೂತು ದಿಲ್ಲಿಯಿಂದ ಬಿಜಾಪುರದವರೆಗಿನ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದೆವು. ಸಾಹೇಬರದ್ದು ಯಾವಾಗಲೂ ಒಂದೇ ವಾದ: ಲಿಂಬಿಹಣ್ಣು ಎಲ್ಲಿ ಚಲೋ ರೇಟು ಸಿಗುತ್ತದೋ ಆ ಊರಿಗೆ ಹೋಗುತ್ತದೆ, ಕಬ್ಬು ಮಾತ್ರ ಸರ್ಕಾರ ಹೇಳಿದ ಕಾರ್ಖಾನೆಗೇ ಹೋಗಬೇಕು, ಕಬ್ಬೇನು ಪಾಪ ಮಾಡಿದೆ? ನಾನು ಪುಸ್ತಕದಲ್ಲಿ ಓದಿದ್ದನ್ನು ಇವರು ಬದುಕಿ ತಿಳಿದಿದ್ದರು. ಮೈಸೂರಿನಲ್ಲಿ ಸಿಗದ ಬಳಗ ಈ ಬಿಸಿಲಿನಲ್ಲಿ ಸಿಕ್ಕಿತಲ್ಲ ಅಂತ ಖುಷಿಯಿಂದ ನಿದ್ದೆ ಬರದೆ ಹೊರಳಾಡಿದ್ದೂ ಉಂಟು.

ಎರಡನೇ ವರ್ಷದ ದೀಪಾವಳಿ ಕಳೆದ ಮೇಲೆ ಹತ್ತಿರದ ಲಚ್ಯಾಣ ಹಳ್ಳಿಯ ಶರಣವ್ವ ಅನ್ನುವ ಹೆಂಗಸು ಖಾನಾವಳಿಯ ಎದುರು ತಳ್ಳುಗಾಡಿ ಇಟ್ಟಳು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಿರ್ಚಿ ಭಜಿ. ಹದಿನೈದು ದಿನದಲ್ಲಿ ಚನ್ನಪ್ಪನವರ ಅರ್ಧ ಗಿರಾಕಿ ರಸ್ತೆ ದಾಟಿದರು. ಚನ್ನಪ್ಪನವರು ಪೇಪರು ಓದುವುದನ್ನು ಬಿಟ್ಟು ಎದುರುಗಡೆಯನ್ನೇ ನೋಡುತ್ತಾ ಕೂರತೊಡಗಿದರು. ಒಂದು ಸಂಜೆ ನನ್ನ ಮಣೆಯ ಪಕ್ಕ ಬಿಳಿ ಹಾಳೆ, ಪೆನ್ನು ತಂದಿಟ್ಟರು. ಗಾಡಿ ಎತ್ತಿಸಬೇಕು, ಪುರಸಭೆಗೆ ಒಂದು ಅರ್ಜಿ ಬರೆದುಕೊಡಿ, ನಿಮ್ಮ ಅಕ್ಷರ ದುಂಡಗಿದೆ ಅಂದರು.

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಇಷ್ಟು ದಿನ ನಾವು ಮಾತಾಡಿದ್ದೇನು, ಈಗ ನೀವು ಕೇಳುತ್ತಿರುವುದೇನು, ಆಕೆ ಯಾರ ಕೈಯನ್ನಾದರೂ ಹಿಡಿದು ಎಳೆದುಕೊಂಡು ಹೋಗುತ್ತಿದ್ದಾಳಾ ಅಂತ ಜೋರಾಗಿಯೇ ಕೇಳಿದೆ. ಕ್ಲಾಸಿನಲ್ಲಿ ಬೈಯುವ ದನಿ ಬಂದುಬಿಟ್ಟಿತ್ತು. ಚನ್ನಪ್ಪನವರು ಸಿಟ್ಟಾಗಲಿಲ್ಲ. ಮೆಲ್ಲಗೆ ಹೇಳಿದರು:

"ನಿಮ್ಮ ಕಾಲೇಜ ಗ್ರ್ಯಾಂಟಿಗೆ ತಗೋರಿ, ನಮಗ ಸರ್ಕಾರಿ ಪಗಾರ ಕೊಡ್ರಿ ಅಂತ ಮಾಸ್ತರೆಲ್ಲ ಅರ್ಜಿ ಕಳಿಸೀರಿ. ಅದಕ್ಕ ನೀವೂ ಸಹಿ ಮಾಡೀರಿ. ನನ್ನ ಅರ್ಜಿ ಬರಿಯಾಕ ಮಾತ್ರ ಆಗಂಗಿಲ್ಲೇನ್ರಿ?"

ಮುಖಕ್ಕೆ ಹೊಡೆದ ಹಾಗಾಯಿತು. ಸಹಿ ಮಾಡಿದ್ದೆ, ನಿಜ. ಎಲ್ಲರೂ ಮಾಡಿದರು, ನಾನೂ ಮಾಡಿದೆ. ಮಾಡುವಾಗ ಅಪ್ಪನ ಮುಖ ಕಣ್ಣ ಮುಂದಿತ್ತೇ ಹೊರತು ಪುಸ್ತಕದ ಒಂದು ಸಾಲೂ ನೆನಪಿರಲಿಲ್ಲ. ಉಣ್ಣದೆ ಎದ್ದು ಬಂದೆ.

ಮೂರು ದಿನ ಖಾನಾವಳಿಯ ಕಡೆ ಹಾಯಲಿಲ್ಲ. ಶರಣವ್ವನ ಗಾಡಿಗೆ ಹೋದರೆ ಚನ್ನಪ್ಪನವರ ಕಣ್ಣೆದುರೇ ಹೋದಂತೆ, ಅದೂ ಆಗಲಿಲ್ಲ. ಅವಲಕ್ಕಿ ನೆನೆಸಿಕೊಂಡು, ಬಾಳೆಹಣ್ಣು ತಿಂದುಕೊಂಡು ಆ ತಗಡಿನ ಕೋಣೆಯಲ್ಲಿ ಬಿದ್ದಿದ್ದೆ. ಬಂದ ಹೊಸದರಲ್ಲೂ ಅಷ್ಟು ಒಂಟಿ ಅನ್ನಿಸಿರಲಿಲ್ಲ. ಆಗ ಯಾರೂ ಇರಲಿಲ್ಲ, ಈಗ ಇದ್ದವರನ್ನು ಕಳೆದುಕೊಂಡಿದ್ದೆ. ಮೈಸೂರಿಗೆ ಹೊರಟುಬಿಡೋಣ ಅಂತ ಟ್ರಂಕು ಎಳೆದೂ ಆಯಿತು. ಅಲ್ಲಿಗೆ ಹೋಗಿ ಏನು ಹೇಳಲಿ? ರೊಟ್ಟಿಯಂಗಡಿಯವನ ಜೊತೆ ಮುಕ್ತ ಮಾರುಕಟ್ಟೆಯ ಬಗ್ಗೆ ಜಗಳವಾಯಿತು ಅಂತಲೇ? ಟ್ರಂಕು ಒಳಗೆ ತಳ್ಳಿದೆ. ನಾಲ್ಕನೇ ದಿನ ಅರ್ಜಿ ಬರೆದುಕೊಂಡು ಹೋದೆ.

ಇಲ್ಲಿ ಅರ್ಜಿ ಬರೆದವರು ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು, ಆಮೇಲೇ ಸಹಿ. ಅಕ್ಷರ ಬಲ್ಲವರೂ ಹಾಗೇ ಮಾಡುತ್ತಾರೆ. ಸಾಹೇಬರೂ ಇದ್ದರು. ಓದಿದೆ:

"ಮಾನ್ಯರೇ, ನನ್ನ ಖಾನಾವಳಿಯ ಎದುರು ಶರಣವ್ವ ಎಂಬುವರು ಗಾಡಿ ಇಟ್ಟಿದ್ದಾರೆ. ಅವರ ರೊಟ್ಟಿ ನನ್ನ ರೊಟ್ಟಿಗಿಂತ ತೆಳು, ಪಲ್ಯ ಬಿಸಿ. ಜನ ತಮ್ಮ ಮನಸ್ಸಿನಿಂದಲೇ ಅಲ್ಲಿಗೆ ಹೋಗುತ್ತಿದ್ದಾರೆ. ಆದಕಾರಣ ಅವರನ್ನು ಅಲ್ಲಿಂದ ಎಬ್ಬಿಸಬೇಕೆಂದು ಕೋರುತ್ತೇನೆ."

ಒಲೆಯ ಮುಂದಿದ್ದ ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಸಾಹೇಬರು ತಲೆ ಎತ್ತಿ ಜಂತಿ ಎಣಿಸತೊಡಗಿದರು. ಚನ್ನಪ್ಪನವರ ಮುಖ ಕೆಂಪಾಯಿತು, ಮೀಸೆ ಅದುರಿತು. ಕಡೆಗೆ, "ಇದನ್ನ ಕೊಟ್ರ ಪುರಸಭೆಯವ್ರೂ ಆಕೀ ಕಡೇನ ಊಟಕ್ಕ ಹೊಕ್ಕಾರ" ಅಂದರು. ಆಮೇಲೆ ಹಾಳೆಯನ್ನು ತಿರುಗಿಸಿ ಖಾಲಿ ಬೆನ್ನನ್ನು ನನ್ನ ಮುಂದಿಟ್ಟರು. "ಈಗ ನಿಮ್ಮದನ್ನೂ ಹಿಂಗ ಬರದು ಓದ್ರಿ."

ಬರೆದೆ. ಓದಲು ಹೋದೆ. ಮೊದಲ ಪದಕ್ಕೇ ನಿಂತೆ. ಅವರು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಕಣ್ಣಾಡಿಸದೆ ಮಡಚಿ, ಪೇಪರಿನ ಕಟ್ಟಿನ ಕೆಳಗೆ ಇಟ್ಟರು. "ಇರ್ಲಿ ಬಿಡ್ರಿ ಅಕ್ಕಾರ. ಮೊದಲ ಉಣ್ರಿ."

ಅರ್ಜಿ ಪುರಸಭೆಗೆ ಹೋಗಲಿಲ್ಲ. ಮರುವಾರದಿಂದ ನೀಲವ್ವ ಗಿರಾಕಿ ಕೂತ ಮೇಲೆಯೇ ರೊಟ್ಟಿ ಬಡಿಯತೊಡಗಿದರು. ಗಿರಾಕಿಗಳಲ್ಲಿ ಕೆಲವರು ವಾಪಸು ಬಂದರು, ಕೆಲವರು ಅಲ್ಲೇ ಉಳಿದರು. ಮಳೆ ಬಂದ ದಿನ ಶರಣವ್ವನ ಒಲೆ ಆರಿದರೆ ಚನ್ನಪ್ಪನವರೇ ಇಲ್ಲಿಂದ ಕೆಂಡ ಕಳಿಸುತ್ತಿದ್ದರು.

ಗ್ರ್ಯಾಂಟು ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಬಂತು. ಖಾಯಂ ಆದೇಶದಲ್ಲಿ ನನ್ನ ಹೆಸರೂ ಇತ್ತು. ನಾನು ಬೇಡ ಅಂದೆನೇ? ಇಲ್ಲ. ಎರಡು ಕೈಯಲ್ಲೂ ತೆಗೆದುಕೊಂಡೆ. ಎಸ್‌ಟಿಡಿ ಬೂತಿನಿಂದ ಅಪ್ಪನಿಗೆ ಹೇಳಿದಾಗ ಆ ಕಡೆಯಿಂದ ಅಳು ಕೇಳಿಸಿತು. ನನಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು. ಪೇಡೆ ಹಿಡಿದುಕೊಂಡು ಖಾನಾವಳಿಗೆ ಹೋದೆ. ಚನ್ನಪ್ಪನವರು ಪೇಡೆ ಬಾಯಿಗೆ ಹಾಕಿಕೊಂಡು, ಕಟ್ಟಿನ ಕೆಳಗಿನಿಂದ ಆ ಹಾಳೆ ತೆಗೆದರು. ಹಳದಿಯಾಗಿತ್ತು, ಎಣ್ಣೆ ಕುಡಿದಿತ್ತು.

"ಈಗರ ಓದ್ರಿ."

ಸಾಹೇಬರು, ನೀಲವ್ವ, ಉಪ್ಪು ಕೇಳಲು ಬಂದಿದ್ದ ಶರಣವ್ವ, ಎಲ್ಲರ ಮುಂದೆ ನಿಂತು ಈ ಸಲ ಓದಿದೆ:

"ಮಾನ್ಯರೇ, ನನ್ನ ಪಾಠ ಯಾರಿಗಾದರೂ ಬೇಕೋ ಬೇಡವೋ ಎಂದು ಪರೀಕ್ಷೆ ಮಾಡಿ ನೋಡುವ ಧೈರ್ಯ ನನಗಿಲ್ಲ. ಆದಕಾರಣ, ಪ್ರತಿ ಸಂಜೆ ನಾನು ಯಾವ ಸರ್ಕಾರಕ್ಕೆ ದೂರ ಇರು ಎನ್ನುತ್ತೇನೋ, ಅದೇ ಸರ್ಕಾರ ನನ್ನನ್ನು ಕೊನೆತನಕ ಸಾಕಬೇಕೆಂದು ಕೋರುತ್ತೇನೆ."

ಶರಣವ್ವನಿಗೆ ಪೂರ್ತಿ ಅರ್ಥವಾಗಲಿಲ್ಲ, ಆದರೂ ಎಲ್ಲರಿಗಿಂತ ಜೋರಾಗಿ ನಕ್ಕಳು. ಹಾಳೆಯ ಆ ಬದಿಗೆ ಚನ್ನಪ್ಪನವರು, ಈ ಬದಿಗೆ ನಾನು ಸಹಿ ಹಾಕಿದೆವು. ಸಾಹೇಬರು ಸಾಕ್ಷಿ ಅಂತ ಬರೆದರು. ನಮ್ಮ ಸಂಘಕ್ಕೆ ಇರುವ ಕಾಗದಪತ್ರ ಅಂದರೆ ಅದೊಂದೇ.

ಈಗ ರಜೆಗೆ ಮೈಸೂರಿಗೆ ಬಂದಾಗ ಅಮ್ಮ ತಟ್ಟೆ ತುಂಬ ಅನ್ನ ಹಾಕುತ್ತಾಳೆ, ನಾನು ರೊಟ್ಟಿ ಇದ್ದಿದ್ದರೆ ಅಂದುಕೊಳ್ಳುತ್ತೇನೆ. ಸಾಕಾ ಅಂದರೆ "ಅಡ್ಡಿಯಿಲ್ಲ" ಅನ್ನುತ್ತೇನೆ, ಮನೆಯವರೆಲ್ಲ ನಗುತ್ತಾರೆ. ಇಂಡಿಗೆ ಮರಳಿದರೆ ಎರಡೇ ದಿನಕ್ಕೆ ಅಮ್ಮನ ಅನ್ನ-ಹುಳಿಯ ನೆನಪಾಗಿ ಮುಖ ಸಣ್ಣದಾಗುತ್ತದೆ. ಹೋದ ತಿಂಗಳು ತುಮಕೂರು ಕಡೆಯ ಹೊಸ ಲೆಕ್ಚರರ್ ಒಬ್ಬಳನ್ನು ಖಾನಾವಳಿಗೆ ಕರೆದುಕೊಂಡು ಹೋಗಿದ್ದೆ. ಚನ್ನಪ್ಪನವರಿಗೆ ಈಗ ವಯಸ್ಸಾಗಿದೆ, ಚಾಳಿ ಹೋಗಿಲ್ಲ. ಪೇಪರು ತೋರಿಸಿ ಏನೋ ಕೇಳಿದರು. ಆ ಹುಡುಗಿ ಗಾಬರಿಯಾಗಿ ನನ್ನ ಕಡೆ ನೋಡಿದಳು, ಇವರು ಯಾವ ಕಡೆಯವರು ಮೇಡಂ ಅಂತ ಮೆಲ್ಲಗೆ ಕೇಳಿದಳು. ಚನ್ನಪ್ಪನವರ ಕಿವಿಗೆ ಬಿತ್ತು.

ನನ್ನನ್ನು ತೋರಿಸಿ, "ಈ ಅಕ್ಕಾರು ಅರ್ಧ ನಮ್ಮವ್ರು" ಅಂದರು. ರೊಟ್ಟಿ ಹಾಕಿ, ಎದುರುಗಡೆ ಹೊಗೆಯಾಡುತ್ತಿದ್ದ ಶರಣವ್ವನ ಗಾಡಿಯನ್ನೊಮ್ಮೆ ನೋಡಿ, "ನಾನೂ ಅಷ್ಟ ಬಿಡ್ರಿ" ಅಂದು ತುಪ್ಪ ತರಲು ಒಳಗೆ ಹೋದರು.