ಮಹಡಿ ಕೋಣೆಯ ಫ್ರೆಂಚ್

ಮನೆಯವರ ದೃಷ್ಟಿಯಲ್ಲಿ ಅವಳು ಕೆಲಸವಿಲ್ಲದವಳು. ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಟು ಸಂಜೆ ಮುಖ ಬಾಡಿಸಿಕೊಂಡು ಬಂದರೆ ಅದು ಕೆಲಸ. ಮಹಡಿಯ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂತು ಇಂಗ್ಲಿಷನ್ನು ಫ್ರೆಂಚ್ ಮಾಡುವುದು ಕೆಲಸವಲ್ಲ. ಬೀದಿಯವರು ಅವಳನ್ನು ಡಿಕ್ಷನರಿ ಎನ್ನುತ್ತಿದ್ದರು. ಆ ಅಡ್ಡಹೆಸರಿನಲ್ಲಿ ಗೌರವವೆಷ್ಟು, ಗೇಲಿಯೆಷ್ಟು ಎಂದು ಅವಳು ಕೇಳಲು ಹೋಗಿರಲಿಲ್ಲ. ಒಂದು ವಾಕ್ಯ ಸರಿಯಾಗಿ ಕೂತಿತೆಂದರೆ ಅದನ್ನು ಮೆಲ್ಲನೆ ಬಾಯಿಬಿಟ್ಟು ಓದಿ, ಮಗುವಿನ ತಲೆ ಸವರಿದ ಹಾಗೆ ಹಾಳೆಯನ್ನು ಸವರುತ್ತಿದ್ದಳು.

ಆ ಕೋಣೆಯ ಮೇಲೆ ಅತ್ತಿಗೆಯ ಕಣ್ಣು ಬಿದ್ದಿತ್ತು. ಬಾಡಿಗೆಗೆ ಕೊಡಬಹುದಾದ ಕೋಣೆ.

"ಕೆಳಗೆ ಅಡುಗೆಮನೆ ಮೇಜಿನ ಮೇಲೆ ಬರೀಬಹುದಲ್ಲಮ್ಮ," ಎಂದಳು. "ಫ್ರೆಂಚ್‌ಗೆ ಈರುಳ್ಳಿ ವಾಸನೆ ಹತ್ತಿಬಿಡುತ್ತಾ?"

ಅಣ್ಣ ಪತ್ರಿಕೆಯ ಹಿಂದಿನಿಂದಲೇ ತೀರ್ಪು ಕೊಟ್ಟ. "ತಿಂಗಳು ತಿಂಗಳು ದುಡ್ಡು ಬರೋ ಕೆಲಸ ಒಂದು ಹಿಡಿ, ಕೋಣೆ ನಿಂದೇ. ಇಲ್ಲಾಂದ್ರೆ ಬಾಡಿಗೆಯವರು ಬರ್ತಾರೆ."

ಅಂಥ ಕೆಲಸವೊಂದು ಊರಾಚೆಯ ಗೀಸರ್ ಕಂಪನಿಯಲ್ಲಿತ್ತು. ಗೀಸರುಗಳು ಫ್ರೆಂಚ್ ಮಾತಾಡುವ ದೇಶಗಳಿಗೆ ಹಡಗು ಹತ್ತಲಿದ್ದವು. ಜೊತೆಗೆ ಹೋಗುವ ಪುಸ್ತಿಕೆಗಳನ್ನು ಮನೆಯಲ್ಲೇ ಕೂತು ಅನುವಾದಿಸಿ ಕೊಡುವವರು ಬೇಕಾಗಿದ್ದರು. ಸಂದರ್ಶನದಲ್ಲಿ ಕೊನೆಗೆ ಉಳಿದವರು ಇಬ್ಬರು: ಇವಳು, ಮತ್ತು ಸೆಕೆಯಲ್ಲೂ ಟೈ ಸಡಿಲಿಸದ ಒಬ್ಬ ಮಹಾಶಯ.

"ನಂಗೆ ಫ್ರೆಂಚ್ ಬರಲ್ಲ. ಇಡೀ ಆಫೀಸಲ್ಲಿ ಯಾರಿಗೂ ಬರಲ್ಲ," ಎಂದು ಮ್ಯಾನೇಜರ್ ಅದೂ ಒಂದು ಅರ್ಹತೆಯೆಂಬಂತೆ ಹೇಳಿದ. "ಆದ್ರೆ ನನ್ನ ಯಾಮಾರಿಸೋಕೆ ಮಾತ್ರ ಆಗಲ್ಲ."

ಇಬ್ಬರಿಂದಲೂ ಒಂದೇ ಪುಟವನ್ನು ಅನುವಾದ ಮಾಡಿಸಿದ. ಆಮೇಲೆ ಇವಳ ಹಾಳೆಯನ್ನು ಅವನಿಗೂ ಅವನ ಹಾಳೆಯನ್ನು ಇವಳಿಗೂ ಕೊಟ್ಟು, ಹೇಗಿದೆ ಹೇಳಿ ಎಂದ.

ಟೈ ಮಹಾಶಯ ಹಲ್ಲುನೋವು ಬಂದವನಂತೆ ಮುಖ ಕಿವುಚಿಕೊಂಡು ಓದಿದ. "ಪಾಪ, ಪ್ರಯತ್ನ ಏನೋ ಪಟ್ಟಿದಾರೆ."

ಅವಳು ನಿಧಾನವಾಗಿ ಓದಿದಳು. "ಚೆನ್ನಾಗಿದೆ ಸರ್. ಅಲ್ಲಲ್ಲಿ ಸ್ವಲ್ಪ ಅವಸರ ಕಾಣುತ್ತೆ. ಆದ್ರೆ ಅರ್ಥ ಎಲ್ಲೂ ಕೆಟ್ಟಿಲ್ಲ."

ಮ್ಯಾನೇಜರ್ ಮೇಜು ಕುಟ್ಟಿದ. "ನೋಡಿ! ಇವರದು ಚೆನ್ನಾಗಿಲ್ಲ ಅಂತ ಅವರು ಹೇಳ್ತಾರೆ. ಅವರದು ಚೆನ್ನಾಗಿದೆ ಅಂತ ಇವರೇ ಒಪ್ತಾರೆ. ಇಬ್ಬರ ಸಾಕ್ಷಿನೂ ಒಂದೇ ಕಡೆಗೆ. ಇನ್ನೇನು ಬೇಕು?"

ಕೆಲಸ ಟೈಗೆ ಹೋಯಿತು. ಅವಳು ಮೆಟ್ಟಿಲಿಳಿಯುತ್ತಿದ್ದಾಗ ಮ್ಯಾನೇಜರ್ ಹಿಂದಿನಿಂದ ಕರೆದ. "ನಿಮ್ಮದು ಪ್ರಾಮಾಣಿಕ ಮನಸ್ಸು ಮೇಡಂ. ಅವರು ಮಾಡಿದ್ದನ್ನ ಪ್ರತಿ ತಿಂಗಳು ಚೆಕ್ ಮಾಡಿಕೊಡಿ. ಚೆಕ್ ಮಾಡೋದು ಯಾರು ಅಂತ ಅವರಿಗೆ ಗೊತ್ತಾಗ್ಬಾರ್ದು, ಅಷ್ಟೇ."

ಪ್ರಾಮಾಣಿಕತೆಗೆ ಸಿಗುವ ಸಂಬಳ ಸಣ್ಣದು. ಆದರೂ ತಿಂಗಳು ತಿಂಗಳು ಬರುವಂಥದು. ಅಣ್ಣ ಪತ್ರಿಕೆ ಮಡಿಸಿದ. ಕೋಣೆ ಸದ್ಯಕ್ಕೆ ಬಚಾವಾಯಿತು.

ವಾರ ಕಳೆಯುವ ಮುಂಚೆಯೇ ಟೈ ಮಹಾಶಯನ ಫೋನ್ ಬಂತು. ಸಂದರ್ಶನಕ್ಕೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದಾಗ ಅವಳ ನಂಬರು ತೆಗೆದುಕೊಂಡಿದ್ದ.

"ಮೇಡಂ, ಅವತ್ತು ಹಾಗೆ ಹೇಳ್ಬೇಕಾಯ್ತು, ಮನಸ್ಸಿಗೆ ಹಚ್ಕೋಬೇಡಿ. ನಿಮ್ಮ ಕೆಲಸ ನಿಜಕ್ಕೂ ಬೊಂಬಾಟ್. ನಂಗೆ ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ. ಈ ಗೀಸರ್ ಪುಸ್ತಕ ನೀವೇ ಮಾಡಿಕೊಟ್ಬಿಡಿ, ದುಡ್ಡು ನಾನು ಕಳಿಸ್ತೀನಿ. ಕಂಪನಿಗೆ ಮಾತ್ರ ಗೊತ್ತಾಗೋದು ಬೇಡ."

ಮ್ಯಾನೇಜರ್‌ಗೆ ಹೇಳಿಬಿಡೋಣ ಎಂದು ಅವಳಿಗೆ ಅನಿಸದೆ ಇರಲಿಲ್ಲ. ಆದರೆ ಟೈ ಹೋದರೆ ಚೆಕ್ ಮಾಡುವ ಕೆಲಸವೂ ಹೋಗುತ್ತಿತ್ತು; ಬಾಗಿಲಲ್ಲಿ ಅತ್ತಿಗೆ ಅಳತೆಯ ಟೇಪು ಹಿಡಿದು, ಮಂಚ ಯಾವ ಗೋಡೆಗೆ ಬಂದರೆ ಚೆನ್ನ ಎಂದು ನೋಡುತ್ತಿದ್ದಳು. "ಆಗಲಿ ಸರ್," ಎಂದಳು ಡಿಕ್ಷನರಿ.

ಹೀಗೆ ಅವಳು ಬರೆದದ್ದು ಟೈ ಕೈ ಸೇರಿ, ಅಲ್ಲಿಂದ ಕಂಪನಿಗೆ ಹೋಗಿ, ಊರೆಲ್ಲ ಸುತ್ತಿ ತವರಿಗೆ ಬಂದ ಮಗಳಂತೆ ಅವಳ ಮೇಜಿಗೇ ಬರುತ್ತಿತ್ತು. ಅವಳು ಅಕ್ಷರ ಬಿಡದೆ ಓದುತ್ತಿದ್ದಳು. ತಪ್ಪು ಸಿಗುತ್ತಿರಲಿಲ್ಲ. 'ಸರಿಯಾಗಿದೆ' ಎಂದು ಬರೆದು ಕಳಿಸುತ್ತಿದ್ದಳು. ಅದು ನಿಜವೂ ಆಗಿತ್ತು.

ಕೆಲವು ತಿಂಗಳಾದ ಮೇಲೆ ಮ್ಯಾನೇಜರ್ ಫೋನ್ ಮಾಡಿದ. "ಏನ್ರೀ ಇದು, ಬರೀ ಸರಿಯಾಗಿದೆ, ಸರಿಯಾಗಿದೆ! ತಪ್ಪೇ ಸಿಗಲ್ಲ ಅಂದ್ಮೇಲೆ ನಿಮಗ್ಯಾಕೆ ದುಡ್ಡು? ಈ ಸಲಾನೂ ಹೀಗೇ ಆದ್ರೆ ಚೆಕಿಂಗ್ ನಿಲ್ಲಿಸಿಬಿಡ್ತೀವಿ."

ಟೈ ದುಡ್ಡು ಕಳಿಸುತ್ತಿದ್ದದ್ದು ನೆನಪಾದಾಗ ಮಾತ್ರ. ಅಣ್ಣನ ಮುಂದೆ ಇಡಲು ಅವಳಿಗಿದ್ದದ್ದು ಚೆಕಿಂಗ್ ಒಂದೇ.

ಅವತ್ತು ಮೇಜಿನ ಮೇಲಿದ್ದ ಪುಟದಲ್ಲಿ ಅವಳ ಅಚ್ಚುಮೆಚ್ಚಿನ ವಾಕ್ಯವೊಂದಿತ್ತು. ಮೊದಲ ನೀರನ್ನು ಹರಿದುಹೋಗಲು ಬಿಡಿ, ಬಿಸಿ ತಾನಾಗಿ ಬರುತ್ತದೆ ಎಂಬ ಮಾತು. ಇಂಗ್ಲಿಷಿನಲ್ಲಿ ಅದು ಹೆಬ್ಬೆಟ್ಟಿನಷ್ಟು ಒರಟಾಗಿತ್ತು; ಅವಳ ಫ್ರೆಂಚಿನಲ್ಲಿ ನಿಜಕ್ಕೂ ನೀರಿನ ಹಾಗೆ ಹರಿಯುತ್ತಿತ್ತು. ಕೆಂಪು ಪೆನ್ನು ಬಹಳ ಹೊತ್ತು ಗಾಳಿಯಲ್ಲೇ ನಿಂತಿತು. ಕೊನೆಗೆ ಅದೇ ವಾಕ್ಯದ ಪಕ್ಕದಲ್ಲಿ ಬರೆದಳು: 'ಅನುವಾದಕರು ಇಲ್ಲಿ ಕವಿತೆ ಕಟ್ಟಲು ಹೊರಟಂತಿದೆ. ಗೀಸರಿಗೆ ಇದು ತಕ್ಕುದಲ್ಲ.' ಒಂದು ಬರೆದ ಮೇಲೆ ಇನ್ನೊಂದು ಸಲೀಸಾಗಿ ಬಂತು. ಪುಟದ ಕೊನೆ ಮುಟ್ಟುವಷ್ಟರಲ್ಲಿ ಅವಳಿಗೆ ಸ್ವಲ್ಪ ಖುಷಿಯೂ ಆಗತೊಡಗಿತ್ತು.

ಮ್ಯಾನೇಜರ್ ಹಿಗ್ಗಿಹೋದ. "ಈಗ ನೋಡಿ ಮೇಡಂ, ಈಗ ನಿಮಗೆ ಫ್ರೆಂಚ್ ಬಂತು!"

ಅವತ್ತೇ ಟೈ ಫೋನಿನಲ್ಲಿ ಕೂಗಾಡಿದ. "ಏನ್ರೀ ನಿಮ್ಮ ಕೆಲಸ? ಕಂಪನಿಯಲ್ಲಿ ನನ್ನ ಮಾನ ಹರಾಜಾಯ್ತು. ಕವಿತೆಯಂತೆ, ಗೀಸರಿಗೆ ಕವಿತೆ! ಕೇಳಿಸ್ಕೊಳ್ಳಿ." ಅವಳದೇ ಮಾತುಗಳನ್ನು ಒಂದೊಂದಾಗಿ ಓದಿ ಹೇಳಿದ.

"ತಪ್ಪಾಯ್ತು ಸರ್, ತಿದ್ದಿಕೊಡ್ತೀನಿ."

"ಚೆಕ್ ಮಾಡೋರು ಯಾರೋ ಏನೋ, ಕಲ್ಲುಮನಸ್ಸು. ನೆಟ್ಟಗೆ ಒಂದು ಸಾಲು ಬರೆಯೋ ಯೋಗ್ಯತೆ ಇಲ್ದೋರೇ ಹೀಗೆ ಹುಳುಕು ಹುಡುಕ್ತಾ ಕೂತಿರೋದು."

"ಹೌದು ಸರ್. ನಂಗೂ ಅವರನ್ನ ಕಂಡ್ರಾಗಲ್ಲ."

ಫೋನ್ ಇಟ್ಟು ಆ ವಾಕ್ಯವನ್ನು ಕೊನೆಯ ಸಲ ಬಾಯಿಬಿಟ್ಟು ಓದಿದಳು. ಆಮೇಲೆ ಹೊಡೆದುಹಾಕಿದಳು. ಕೆಳಗೆ ಗೇಟಿನ ಬಳಿ ಯಾರೋ ಬಾಡಿಗೆ ಕೋಣೆ ಕೇಳಿಕೊಂಡು ಬಂದಿದ್ದರು. ಅತ್ತಿಗೆಯ ದನಿ ಕಿಟಕಿಯವರೆಗೂ ಕೇಳಿಸಿತು:

"ಖಾಲಿ ಇಲ್ಲಪ್ಪ. ಮೇಲೆ ನಮ್ಮ ನಾದಿನಿ ಇದಾಳೆ. ದೊಡ್ಡ ಕಂಪನಿ ಕೆಲಸ. ಬೇರೆಯವರ ತಪ್ಪು ಹಿಡಿಯೋದು."