ಅಕ್ಕನ ಮಾಳಿಗೆಯ ಹವಾಮಾನ

ಖಟಕ ಚಿಂಚೋಳಿಯಲ್ಲಿರುವ ನನ್ನಕ್ಕನ ಮಾಳಿಗೆಯ ಮೇಲೆ, ಒಂದರ ಮೇಲೊಂದು ಬೋರಲು ಹಾಕಿದ ಬಿಳಿ ಪ್ಲಾಸ್ಟಿಕ್ ತಟ್ಟೆಗಳ ಪುಟ್ಟ ಗೋಪುರವೊಂದಿದೆ. ಅವಳ ಮೊಮ್ಮಗನ ತೊಟ್ಟಿಲ ಕಾರ್ಯದಲ್ಲಿ ಉಳಿದ ತಟ್ಟೆಗಳವು. ಬಿಸಿಲು ತಾಗದೆ ಗಾಳಿ ಮಾತ್ರ ಆಡುವಂತೆ ಅವುಗಳ ನಡುವೆ ಉಷ್ಣತೆಯನ್ನೂ ತೇವವನ್ನೂ ಅಳೆಯುವ ಸೆನ್ಸರ್ ಇಟ್ಟು, ಪಕ್ಕದಲ್ಲಿ ಮಳೆ ಅಳೆಯಲು ಆಲಿಕೆ ನಿಲ್ಲಿಸಿ, ಮನೆಯ ವೈಫೈಗೆ ಹೊಂದಿಸಿ ಬಂದವನು ನಾನೇ. ವಿಜ್ಞಾನದ ಮಾಸ್ತರಿಕೆಯಿಂದ ನಿವೃತ್ತನಾದವನ ಕೈ ಸುಮ್ಮನಿರಬೇಕಲ್ಲ! ಬೀದರಿನ ಮನೆಯಲ್ಲಿ ಚಹಾ ಕುಡಿಯುತ್ತ ಅಕ್ಕನೂರಿನ ಮಳೆಯನ್ನು ಮೊಬೈಲಿನಲ್ಲಿ ನೋಡುತ್ತೇನೆಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ನಮ್ಮ ಸೀಮೆಯ ರೂಢಿ ನಿಮಗೂ ಗೊತ್ತಿದ್ದೀತು. ಭಾಲ್ಕಿಯಿಂದ ಬಂದ ಫೋನಾಗಲಿ, ಔರಾದದಿಂದ ಬಂದದ್ದಾಗಲಿ, 'ನಿನ್ನ ನೆನಪಾಯಿತು' ಎಂದು ಯಾರೂ ಮಾತು ತೆಗೆಯುವುದಿಲ್ಲ. ಹಾಗೆನ್ನಲು ನಮಗೆ ನಾಚಿಕೆ. ಮಳೆಯನ್ನು ಮುಂದೆ ಮಾಡಿಕೊಂಡೇ ಒಳಗೆ ಬರಬೇಕು. ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಅಕ್ಕ ಸಂಜೆ, "ಅಲ್ಲಿ ಮಳಿ ಆಯ್ತೇನೋ ತಮ್ಮಾ? ಇಲ್ಲಿ ಭಾಳ ಆಗ್ಯಾದ ನೋಡು" ಎಂದು ಶುರು ಮಾಡಿದರೆ, ಆ ಮಳೆ ಸೋಯಾ ಹೊಲದಿಂದ ಎಮ್ಮೆಗೆ, ಎಮ್ಮೆಯಿಂದ ಸೊಸೆಯ ಮೊಣಕಾಲಿಗೆ, ಅಲ್ಲಿಂದ ಚರ್ಚಿನ ಹೊಸ ಪಾದ್ರಿಯ ಮುಗಿಯದ ಪ್ರಸಂಗಕ್ಕೆ ಹರಿದು, ಕೊನೆಗೆ ತೀರಿಹೋದ ಅವ್ವನ ತನಕ ಬಂದು ನಿಲ್ಲುತ್ತಿತ್ತು.

ಯಂತ್ರ ಕೂತ ಮೇಲೆ ಅವಳು ಅದೇ ಮಾತು ತೆಗೆದಾಗ ನಾನು ಜಂಬದಿಂದ, "ಗೊತ್ತದ ಅಕ್ಕಾ, ನಿಮ್ಮಲ್ಲಿ ಮಳಿ ಆಗಿದ್ದು ಆವಾಗೇ ನನ್ನ ಮೊಬೈಲಿಗೆ ಬಂದದ" ಎಂದೆ. "ಹೌದೇನು? ಛಲೋ ಆಯ್ತು ಬಿಡು" ಎಂದಳು. ಮರುದಿನವೂ ಹಾಗೇ ಆಯಿತು. ಬರಬರುತ್ತ ಫೋನು ನಿಂತೇಹೋಯಿತು. ಅವಳ ಮಾಳಿಗೆಯ ಉಷ್ಣತೆಯನ್ನು ದಿನವೂ ನೋಡುತ್ತಿದ್ದವನಿಗೆ ಅವಳನ್ನೇ ವಿಚಾರಿಸಿಕೊಳ್ಳುತ್ತಿದ್ದೇನೆಂಬ ಭ್ರಮೆ. ಹೀಗಾಗಿ ಆ ಮೌನ ನನ್ನ ಗಮನಕ್ಕೇ ಬರಲಿಲ್ಲ.

ಈ ಮಳೆಗಾಲದ ನಡುವೆ ಒಂದು ದಿನ ಮೊಬೈಲಿನ ಅಂಕಿಗಳು ಅಲುಗದೆ ನಿಂತವು. ಗಾಬರಿಯಾಗಿ ಫೋನ್ ಮಾಡಿ, "ಅಕ್ಕಾ, ಮ್ಯಾಲಿನ ಮಿಷನ್ನಿಗಿ ಏನಾಗ್ಯಾದ?" ಎಂದೆ.

"ಇವತ್ತು ಮುಂಜಾನಿ ನಾನೇ ವೈರ್ ಕಿತ್ತಿಟ್ಟೀನಿ" ಎಂದಳು ಅಕ್ಕ. "ಜ್ವರ ಬಂದು ಭಾಲ್ಕಿ ದವಾಖಾನ್ಯಾಗ ಮಲಗಿದ್ದೆ. ನಿನ್ನೆ ಮನಿಗಿ ಬಂದೀನಿ. ನಿಮ್ಮ ತಮ್ಮಗ ಹೇಳೂಣು ಅಂತ ಸೊಸಿ ಅಂದ್ಲು. ಅವನಿಗಿ ಎಲ್ಲಾ ಮೊದಲೇ ಗೊತ್ತಿರ್ತದ ಬಿಡು ಅಂದೆ."

ಮರುದಿನ ಮೊದಲ ಬಸ್ಸು ಹಿಡಿದು ಹೋದೆ. ಅಕ್ಕ ಸೊರಗಿದ್ದಳು, ರೊಟ್ಟಿ ಬಡಿಸಿದಳು, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ತಟ್ಟೆಗಳನ್ನು ಬಿಚ್ಚಲು ಹೊರಟರೆ, "ಇರಲಿ ಬಿಡು, ಯಾಕ ತಗೀತಿ" ಎಂದಳು.

ಈಗ ಸಂಜೆ ನಾನೇ ಫೋನ್ ಮಾಡುತ್ತೇನೆ. ಏನೂ ಗೊತ್ತಿಲ್ಲದವನಾಗಿ, "ಅಲ್ಲಿ ಮಳಿ ಆಯ್ತೇನು ಅಕ್ಕಾ?" ಎಂದು ಕೇಳುತ್ತೇನೆ. "ಈಗ ಮಳಿ ಹತ್ತ್ಯಾದ ನೋಡು" ಎನ್ನುತ್ತಾಳೆ. ಎಮ್ಮೆಯ ಸುದ್ದಿ ಬಂದೀತೆಂದು ಫೋನು ಕಿವಿಗೊತ್ತಿಕೊಂಡು ಕಾಯುತ್ತೇನೆ. ಆ ತಟ್ಟೆಗಳ ಮೇಲೆ ಮಳೆ ಬೀಳುವ ಸದ್ದಷ್ಟೇ ಕೇಳುತ್ತದೆ.